ಅಮ್ಮನ ಹೆಸರಿನಲ್ಲಿ ವಸಡು ಸಂಶೋಧನೆಗೊಂದು ಪೀಠ: ಹಣ ಕೊಡುವ ಮುನ್ನ

ಪ್ರಶ್ನೆ: ನನಗೆ 43 ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರಿಗೆ 38ರಲ್ಲೇ ಮುಂದಿನ ಹಲ್ಲುಗಳು ಅಲ್ಲಾಡತೊಡಗಿದ್ದವು, 51ಕ್ಕೆ ಬಾಯಲ್ಲಿ ಒಂದೂ ಉಳಿದಿರಲಿಲ್ಲ. ದಿನಕ್ಕೆ ಎರಡು ಸಲ ತಪ್ಪದೆ ಉಜ್ಜುತ್ತಿದ್ದರು. ಆದರೂ ಹೋದಲ್ಲೆಲ್ಲ ‘ನೀವು ಸರಿಯಾಗಿ ಉಜ್ಜಲ್ಲ’ ಅನ್ನಿಸಿಕೊಂಡೇ ಬರುತ್ತಿದ್ದರು. ಸಕ್ಕರೆ ಕಾಯಿಲೆಯೂ ಇತ್ತು. ಅವರು ಬಿಟ್ಟುಹೋದ ಆಸ್ತಿ ಮಾರಿದ ಹಣದಲ್ಲಿ ಒಂದು ವಿಶ್ವವಿದ್ಯಾಲಯದ ದಂತವೈದ್ಯ ವಿಭಾಗದಲ್ಲಿ, ವಸಡು ರೋಗದ ಸಂಶೋಧನೆಗೆಂದು ಅವರ ಹೆಸರಿನ ದತ್ತಿ ಪೀಠ ಸ್ಥಾಪಿಸಬೇಕೆಂದು ನನ್ನಾಸೆ. ಅಲ್ಲಿಯವರು ಎರಡು ಪುಟದ ಒಪ್ಪಂದದ ಕರಡು ಕಳಿಸಿದ್ದಾರೆ. ಜೊತೆಗಿಟ್ಟ ಪರಿಚಯ ಪತ್ರದಲ್ಲಿ ಈ ಸಂಶೋಧನೆಯಿಂದ ಹೃದಯಾಘಾತ, ಅವಧಿಗೆ ಮುಂಚಿನ ಹೆರಿಗೆ, ಮರೆವಿನ ಕಾಯಿಲೆ ಎಲ್ಲವನ್ನೂ ತಡೆಯಬಹುದು ಎಂದಿದೆ. ತಮ್ಮನಿಗೆ ಇದು ಇಷ್ಟವಿಲ್ಲ. ‘ವಸಡು ರೋಗ ಅಂದ್ರೆ ಕೊಳೆ, ಅದರಲ್ಲಿ ಕಂಡುಹಿಡಿಯೋದೇನಿದೆ? ಯಾರದೋ ಸಂಬಳಕ್ಕೆ ಸುರಿಯೋ ಬದಲು ಉಚಿತ ಶಿಬಿರ ಮಾಡಿಸೋಣ’ ಅನ್ನುತ್ತಾನೆ. ಅವನು ಹೇಳುವುದು ಸರಿಯೇ? ಇನ್ನೊಂದು ಮಾತು. ಈಚೆಗೆ ಉಜ್ಜುವಾಗ ನನ್ನ ವಸಡಿನಲ್ಲೂ ರಕ್ತ ಬರುತ್ತಿದೆ. ಇದು ವಂಶದಲ್ಲಿ ಬರುವ ರೋಗವೇ? ಅಮ್ಮನ ಹಲ್ಲಿನ ಹಳೆಯ ಎಕ್ಸ್‌ರೇಗಳ ಲಕೋಟೆ ಇನ್ನೂ ನನ್ನ ಬಳಿ ಇದೆ, ಬಿಸಾಡಲು ಮನಸ್ಸಾಗಿಲ್ಲ.

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ವಸಡು ರೋಗದಲ್ಲಿ ಹುಡುಕಲು ಏನಾದರೂ ಉಳಿದಿದೆಯೇ, ಹಣ ಕೊಟ್ಟರೆ ಅದು ಸಂಶೋಧನೆಗೆ ತಲುಪುತ್ತದೆಯೇ, ಮತ್ತು ‘ಇನ್ನೊಂದು ಮಾತು’ ಎಂದು ಕೊನೆಗೆ ಸೇರಿಸಿದ್ದು, ಅಮ್ಮನಿಗಾದದ್ದು ನನಗೂ ಆಗುತ್ತದೆಯೇ. ನಾನು ವಸಡು ತಜ್ಞ. ಹನ್ನೊಂದು ವರ್ಷ ಇಂಥದೇ ಒಂದು ದತ್ತಿ ಪೀಠದಲ್ಲಿ, ಅಂದರೆ ದಾನಿಯ ನಿಧಿಯಿಂದ ನಡೆಯುವ ಪ್ರಾಧ್ಯಾಪಕ ಹುದ್ದೆಯಲ್ಲಿ, ಕೂತಿದ್ದೆ. ಹಾಗಾಗಿ ರೋಗದ ಬಗ್ಗೆಯೂ ಕುರ್ಚಿಯ ಬಗ್ಗೆಯೂ ಕಂಡದ್ದನ್ನು ಹೇಳಬಲ್ಲೆ.

ತಮ್ಮನ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಅರ್ಧ ಸರಿ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹಾರಾಲ್ಡ್ ಲೋ ಎಂಬ ವಸಡು ತಜ್ಞರು ಮತ್ತವರ ಸಂಗಡಿಗರು ಬಾಯಿ ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನೇ ಬಿಟ್ಟುಬಿಡಿ ಎಂದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲವೂ ಮೊದಲಿನಂತಾಯಿತು. ವಸಡಿನ ಉರಿಯೂತಕ್ಕೆ ಹಲ್ಲಿನ ಮೇಲೆ ಕೂರುವ ಪಾಚಿಯಂಥ ಪ್ಲಾಕ್ ಕಾರಣ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಕೊಳೆ ಅನ್ನುವ ತಮ್ಮನ ಮಾತು ಇಲ್ಲಿಯವರೆಗೆ ನಿಲ್ಲುತ್ತದೆ.

ಮುಂದಕ್ಕೆ ನಿಲ್ಲುವುದಿಲ್ಲ. ಅದೇ ಲೋ ಅವರ ತಂಡ 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳಿಗೆ ಹೋಗಿ 480 ಗಂಡಾಳುಗಳ ಬಾಯಿ ಪರೀಕ್ಷಿಸಿತು. ಅವರಿಗೆ ಬ್ರಷ್ಷೂ ಗೊತ್ತಿಲ್ಲ, ದಂತವೈದ್ಯರೂ ಗೊತ್ತಿಲ್ಲ. ಎಲ್ಲರ ಹಲ್ಲಿನ ಮೇಲೂ ಪ್ಲಾಕ್, ಗಟ್ಟಿಯಾದ ಗಾರೆ. 1985ರವರೆಗೆ ಮತ್ತೆ ಮತ್ತೆ ಹೋಗಿ ಅದೇ ಬಾಯಿಗಳನ್ನು ಅಳೆದರು. ಕೊಳೆಯೇ ರೋಗವಾಗಿದ್ದರೆ ಎಲ್ಲರ ಹಲ್ಲೂ ಒಂದೇ ವೇಗದಲ್ಲಿ ಹೋಗಬೇಕಿತ್ತು. ಹಾಗಾಗಲಿಲ್ಲ. ಶೇ 8ರಷ್ಟು ಜನರಲ್ಲಿ ಹಲ್ಲಿನ ಸುತ್ತಲ ಆಧಾರ ದಡದಡನೆ ಕುಸಿದು, 45ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಹಲ್ಲೂ ಹೋಗಿತ್ತು. ಶೇ 81ರಷ್ಟು ಜನರಲ್ಲಿ ಮಧ್ಯಮ ವೇಗ. ಉಳಿದ ಶೇ 11ರಷ್ಟು ಜನರಿಗೆ ವಸಡಿನ ಉರಿಯೂತ ಬಿಟ್ಟರೆ ಮತ್ತೇನೂ ಆಗಲಿಲ್ಲ. ಅಷ್ಟೇ ಕೊಳೆ, ಅದೇ ಊರು, ಅದೇ ಕೆಲಸ. (ಚಿಕಿತ್ಸೆಯಿಲ್ಲದವರನ್ನು ಹೀಗೆ ಹದಿನೈದು ವರ್ಷ ಬರೀ ಗಮನಿಸುತ್ತ ಕೂರುವ ಅಧ್ಯಯನಕ್ಕೆ ಇಂದಿನ ನೈತಿಕ ಸಮಿತಿಗಳು ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಕಂಡದ್ದು ಕಂಡದ್ದೇ.)

ನಿಮ್ಮ ಅಮ್ಮ ಬಹುಶಃ ಆ ಶೇ 8ರ ಗುಂಪಿಗೆ ಸೇರಿದವರು. 38ಕ್ಕೆ ಹಲ್ಲು ಅಲ್ಲಾಡಿ 51ಕ್ಕೆ ಬಾಯಿ ಖಾಲಿಯಾಗುವುದು ಬರೀ ಉಜ್ಜದೇ ಹೋದದ್ದರಿಂದ ಅಲ್ಲ. ಅವರಿಗೆ ‘ಸರಿಯಾಗಿ ಉಜ್ಜಲ್ಲ’ ಎಂದು ಹೇಳಿ ಕಳಿಸಿದ್ದು ನಮ್ಮ ಕಸುಬಿನವರ ತಪ್ಪು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಎಷ್ಟೋ ಜನರಿಗೆ ಅದನ್ನೇ ಹೇಳಿದ್ದೇನೆ.

ಉಜ್ಜಿದರೂ ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ನಾವು ಬಳಸುವ ಅಳತೆ ಕಡ್ಡಿ ತುದಿ ಮೊಂಡಾದ ತೆಳ್ಳನೆಯ ಉಪಕರಣ, ಮಿಲಿಮೀಟರ್ ಗುರುತುಗಳಿರುತ್ತವೆ. ಅದನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಹಗುರವಾಗಿ ಇಳಿಬಿಟ್ಟು, ಒಂದೊಂದು ಹಲ್ಲಿಗೆ ಆರು ಕಡೆ ಅಳೆದು, ಪಕ್ಕದಲ್ಲಿರುವವರಿಗೆ ಕೂಗಿ ಹೇಳುತ್ತೇವೆ: ಎರಡು, ಮೂರು, ಎರಡು, ಎರಡು, ಮೂರು, ಏಳು. ಆ ಏಳು ಬಂದಾಗ ಕೈಗೆ ಗೊತ್ತಾಗಿಬಿಡುತ್ತದೆ. ಕಡ್ಡಿ ಎಲ್ಲಿಯೂ ತಡೆಯದೆ ಸರಕ್ಕನೆ ಇಳಿಯುತ್ತದೆ, ಒಂದು ಕ್ಷಣ ಬಿಟ್ಟು ರಕ್ತದ ಹನಿ ಮೇಲೆ ಬರುತ್ತದೆ. ಅದೇ ಪಾಕೆಟ್. ಕನ್ನಡಿಯಲ್ಲಿ ನೋಡಿದರೆ ಹೊರಗಿನ ವಸಡು ಚೆನ್ನಾಗಿಯೇ ಕಾಣಬಹುದು. ಬ್ರಷ್ಷಿನ ಎಳೆ ವಸಡಿನಂಚಿನಿಂದ ಒಂದು ಮಿಲಿಮೀಟರ್ ಕೆಳಗಿಳಿದರೆ ಹೆಚ್ಚು. ಏಳು ಮಿಲಿಮೀಟರ್ ಆಳದಲ್ಲಿ ಗಾಳಿಯಾಡದ ಕಡೆ ಬದುಕುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳಿಗೆ ನಿಮ್ಮಮ್ಮ ಎರಡು ಸಲವಲ್ಲ, ಐದು ಸಲ ಉಜ್ಜಿದ್ದರೂ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯನ್ನು ತಿನ್ನುವುದು ಬ್ಯಾಕ್ಟೀರಿಯಾ ಕೂಡ ಅಲ್ಲ. ಅವನ್ನು ಓಡಿಸಲು ಬಂದ ನಮ್ಮದೇ ರೋಗನಿರೋಧಕ ಪಡೆ ಬಿಡುಗಡೆ ಮಾಡುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಕಳ್ಳನನ್ನು ಹಿಡಿಯಲು ಮನೆಗೇ ಬೆಂಕಿಯಿಟ್ಟಂತೆ. ಯಾರ ದೇಹ ಹೀಗೆ ಅತಿರೇಕ ಮಾಡುತ್ತದೆ, ಯಾರದು ಸಂಯಮದಿಂದಿರುತ್ತದೆ, ಅದನ್ನು ಇಪ್ಪತ್ತರ ವಯಸ್ಸಿಗೇ ಗುರುತಿಸಬಹುದೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಕಳೆದುಹೋದ ಮೂಳೆಯನ್ನು ಖಚಿತವಾಗಿ ಮತ್ತೆ ಬೆಳೆಸುವುದು ಹೇಗೆ ಎಂಬುದೂ ಹಾಗೇ. 1982ರಲ್ಲಿ ಸ್ವೀಡನ್ನಿನ ಸ್ತೂರೆ ನೀಮನ್ ಅವರ ತಂಡ ಒಂದು ಹಲ್ಲಿನ ಬೇರಿಗೆ ಪೊರೆಯ ಮರೆ ಕಟ್ಟಿ, ಕಳೆದುಹೋದ ಆಧಾರ ಅಂಗಾಂಶ ಮತ್ತೆ ಹುಟ್ಟಬಲ್ಲದು ಎಂದು ತೋರಿಸಿತು. ನಾಲ್ಕು ದಶಕ ಕಳೆದ ಮೇಲೂ ಅದು ಮೂಳೆಯಲ್ಲಿ ಬಿದ್ದ ಕೆಲವು ಆಕಾರದ ಗುಂಡಿಗಳಲ್ಲಿ ಮಾತ್ರ ಚೆನ್ನಾಗಿ ಫಲ ಕೊಡುತ್ತದೆ. ಲಸಿಕೆ ಇಲ್ಲ. ಜಗತ್ತಿನಲ್ಲಿ ತೀವ್ರ ವಸಡು ರೋಗ ಇರುವವರ ಸಂಖ್ಯೆ ನೂರು ಕೋಟಿಯ ಆಸುಪಾಸು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ. ಹುಡುಕಲು ಏನಿದೆ ಎಂದು ಕೇಳಿದ ತಮ್ಮನಿಗೆ ಇಷ್ಟು ಸಾಕು.

ಆದರೆ ಹುಡುಕುವುದಿದೆ ಎಂದ ಮಾತ್ರಕ್ಕೆ ಪೀಠವೇ ಬೇಕು ಎಂದಾಗುವುದಿಲ್ಲವಲ್ಲ. ಪೀಠದ ಪರವಾಗಿ ನಾನು ವಾದಿಸುವುದು ಒಂದೇ ಕಾರಣಕ್ಕೆ. ಈ ರೋಗ ನಿಧಾನ, ಸಂಶೋಧನೆಗೆ ಸಿಗುವ ಹಣ ಅವಸರದ್ದು.

ಒಂದು ಪಾಕೆಟ್ ಎರಡು ಮಿಲಿಮೀಟರ್ ಆಳವಾಗಲು ಹತ್ತು ವರ್ಷ ಹಿಡಿಯಬಹುದು. ಸಂಶೋಧನಾ ಅನುದಾನಗಳು ಸಾಮಾನ್ಯವಾಗಿ ಮೂರು ವರ್ಷ, ತಪ್ಪಿದರೆ ಐದು. ಮೊದಲ ವರ್ಷ ಒಪ್ಪಿಗೆ, ಖರೀದಿ, ನೇಮಕದಲ್ಲಿ ಹೋಗುತ್ತದೆ. ಎರಡನೇ ವರ್ಷ ರೋಗಿಗಳು ಸೇರುತ್ತಾರೆ. ಮೂರನೇ ವರ್ಷ ವರದಿ ಬರೆಯುತ್ತೇವೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವ ಗಾದೆಯನ್ನು ನಮ್ಮ ವಿಭಾಗ ನೋಡಿಯೇ ಮಾಡಿರಬೇಕು.

ನನ್ನದೇ ಒಂದು ಕಥೆ. ಪೀಠಕ್ಕೆ ಬರುವ ಮುಂಚೆ, ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಗ, ಸಕ್ಕರೆ ಕಾಯಿಲೆ ಇರುವವರ ಪಾಕೆಟ್‌ಗಳಿಂದ ತೆಗೆದ ದ್ರವದ ಮಾದರಿಗಳನ್ನು ಮೂರು ವರ್ಷ ಕೂಡಿಟ್ಟಿದ್ದೆವು. ಮೈನಸ್ 80 ಡಿಗ್ರಿಯ ಫ್ರೀಜರ್, ಒಳಗೆ ಸಾವಿರಕ್ಕೂ ಹೆಚ್ಚು ಪುಟ್ಟ ಕೊಳವೆಗಳು, ಪ್ರತಿಯೊಂದರ ಮೇಲೂ ಕೈಯಲ್ಲಿ ಬರೆದ ಸಂಖ್ಯೆ. ಅನುದಾನ ಮುಗಿದ ತಿಂಗಳೇ ಸಹಾಯಕಿಯ ಗುತ್ತಿಗೆಯೂ ಮುಗಿಯಿತು. ಯಾವ ರೋಗಿ ಯಾವ ದಿನ ಬರುತ್ತಾರೆ, ಯಾರಿಗೆ ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ ಎಂಬುದೆಲ್ಲ ಆಕೆಗೇ ಗೊತ್ತಿದ್ದದ್ದು. ಎರಡು ತಿಂಗಳಾದ ಮೇಲೆ ಒಂದು ವಾರಾಂತ್ಯ ಕರೆಂಟ್ ಹೋಗಿ ಫ್ರೀಜರಿನ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಅದು ಯಾರ ಫೋನಿಗೆ ಹೋಗುತ್ತಿತ್ತೋ ಆಕೆ ಈಗ ಅಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ತಟ್ಟೆಗಳ ಕೆಳಗೆ ನೀರು ನಿಂತಿತ್ತು. ಕೊಳವೆಗಳ ಮೇಲಿನ ಶಾಯಿ ಹರಡಿ ಸಂಖ್ಯೆಗಳೂ ಓದಲು ಬರುತ್ತಿರಲಿಲ್ಲ. ಆ ರೋಗಿಗಳ ಐದನೇ ವರ್ಷ, ಹತ್ತನೇ ವರ್ಷ ಏನಾಯಿತೆಂದು ಈಗ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಎದುರಾಗಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ನೋಡಿ. ಪೆರ್ ಆಕ್ಸೆಲ್ಸನ್, ಯಾನ್ ಲಿಂಡೆ 1970ರ ದಶಕದ ಆರಂಭದಲ್ಲಿ 375 ಜನರಿಗೆ ನಿಯಮಿತವಾಗಿ ಹಲ್ಲು ಶುಚಿ ಮಾಡಿ, ಮನೆಯಲ್ಲಿ ಸಂದಿಗಳನ್ನು ಶುಚಿ ಮಾಡಿಕೊಳ್ಳುವುದನ್ನು ಕಲಿಸುತ್ತ ಹೋದರು. ಮೂವತ್ತು ವರ್ಷದ ಕೊನೆಯಲ್ಲೂ 257 ಜನ ಬರುತ್ತಲೇ ಇದ್ದರು. 2004ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೂರು ದಶಕದಲ್ಲಿ ಒಬ್ಬೊಬ್ಬರು ಕಳೆದುಕೊಂಡದ್ದು ವಯೋಗುಂಪಿಗೆ ತಕ್ಕಂತೆ ಸರಾಸರಿ 0.4ರಿಂದ 1.8 ಹಲ್ಲು. ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ಕಂಡಿಲ್ಲ. ಮೂರು ವರ್ಷದ ಅನುದಾನದಲ್ಲಿ ಈ ಉತ್ತರ ಹುಟ್ಟುವುದು ಸಾಧ್ಯವಿರಲಿಲ್ಲ.

ಇನ್ನೊಂದು ಉದಾಹರಣೆ ನಿಮ್ಮಮ್ಮನ ಸಕ್ಕರೆ ಕಾಯಿಲೆಗೂ ಸಂಬಂಧಪಟ್ಟದ್ದು. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಲೋರ್ನ್ ಗೊಲಬ್ ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ವಸಡಿನಲ್ಲಿ ಅಂಗಾಂಶ ಕರಗಿಸುವ ಕಿಣ್ವ ಹೆಚ್ಚುವುದನ್ನು ಕಂಡರು. ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಕೊಟ್ಟರೆ ಅದು ತಗ್ಗುತ್ತಿತ್ತು, ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳಲ್ಲೂ. ಅಂದರೆ ಆ ಔಷಧ ಬ್ಯಾಕ್ಟೀರಿಯಾ ಕೊಲ್ಲುವುದಷ್ಟೇ ಅಲ್ಲ, ಕಿಣ್ವವನ್ನೂ ತಡೆಯುತ್ತದೆ. ಇದು 1983ರ ಪ್ರಕಟಣೆ. ಅದರ ಜಾಡು ಹಿಡಿದು ಬಂದ, ಅದೇ ಗುಂಪಿನ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆಗೆ ವಸಡು ರೋಗಕ್ಕೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ನಡುವೆ ಹದಿನೈದು ವರ್ಷ. ಒಬ್ಬ ಮನುಷ್ಯ ಒಂದೇ ಪ್ರಶ್ನೆ ಹಿಡಿದು ಅಷ್ಟು ಕಾಲ ಒಂದೇ ಕಡೆ ಕೂರಬೇಕಾದರೆ ಕೂರಿಸುವವರೂ ಬೇಕು. ದತ್ತಿ ಪೀಠ ಇರಬೇಕಾದದ್ದು ಅದಕ್ಕೆ.

ಇರಬೇಕಾದದ್ದು ಎಂದೆ. ಇರುವುದು ಬೇರೆ. ನನ್ನ ಪೀಠಕ್ಕೆ ಹಿತ್ತಾಳೆಯ ಫಲಕ ಇತ್ತು, ದೀಪ ಹಚ್ಚಿ ಉದ್ಘಾಟನೆಯೂ ಆಗಿತ್ತು. ದತ್ತಿಪತ್ರದಲ್ಲಿ ‘ಸಂಶೋಧನೆಗೆ ಉತ್ತೇಜನ’ ಎಂಬ ಎರಡು ಪದ ಬಿಟ್ಟರೆ ಸಂಶೋಧನೆಗೆಂದು ಸಮಯ ಬಿಡಿಸಿಕೊಡುವ ಒಂದು ಸಾಲೂ ಇರಲಿಲ್ಲ. ಪಾಠ, ಹೊರರೋಗಿ ವಿಭಾಗ, ಪರೀಕ್ಷೆ, ಸಮಿತಿ ಎಲ್ಲ ಮೊದಲಿನಂತೆಯೇ. ದಾನಿಯ ಹಣ ಬಂದ ಮರುವರ್ಷ ಆಡಳಿತ ತಾನು ಕೊಡುತ್ತಿದ್ದ ಒಂದು ಹುದ್ದೆಯನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಿತು. ಲೆಕ್ಕ ನೋಡಿದರೆ ವಿಭಾಗಕ್ಕೆ ಹೆಚ್ಚಿಗೆ ಬಂದದ್ದು ಸೊನ್ನೆ. ಯಾರೂ ಕದ್ದಿರಲಿಲ್ಲ, ಯಾವ ನಿಯಮವೂ ಮುರಿದಿರಲಿಲ್ಲ. ಪತ್ರದಲ್ಲಿ ಬರೆದಿರಲಿಲ್ಲ, ಅಷ್ಟೇ. ನಿಮ್ಮದು ಎರಡು ಪುಟದ ಕರಡು ಎಂದಾಗ ನನಗೆ ನೆನಪಾದದ್ದು ಇದು.

ಲೆಕ್ಕಕ್ಕೆ ಬರೋಣ. ದತ್ತಿ ಪೀಠದಲ್ಲಿ ಅಸಲನ್ನು ಮುಟ್ಟುವಂತಿಲ್ಲ, ಹೂಡಿಕೆಯ ಗಳಿಕೆಯಲ್ಲಿ ಒಂದು ಭಾಗ ಮಾತ್ರ ವರ್ಷವರ್ಷ ಖರ್ಚಿಗೆ. ದೊಡ್ಡ ನಿಧಿಗಳಿರುವ ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನಿಧಿಯ ಶೇ 4ರಿಂದ 5ರಷ್ಟನ್ನು ವರ್ಷಕ್ಕೆ ತೆಗೆಯುತ್ತವೆ. ಶೇ 4 ಎಂದಿಟ್ಟುಕೊಂಡರೆ, ವರ್ಷದ ಖರ್ಚಿನ 25 ಪಟ್ಟು ಮೂಲಧನ ಬೇಕು. ಈಗ ಬೆಲೆಯೇರಿಕೆ ಸೇರಿಸಿ. ನಿಧಿ ಶೇ 7 ಗಳಿಸುತ್ತಿದೆ, ಬೆಲೆಗಳು ಶೇ 5ರಂತೆ ಏರುತ್ತಿವೆ ಅನ್ನಿ. ನಿಜವಾಗಿ ಖರ್ಚು ಮಾಡಬಹುದಾದದ್ದು ಶೇ 2 ಮಾತ್ರ, ಅಂದರೆ 50 ಪಟ್ಟು ಮೂಲಧನ. ಏಳಕ್ಕೆ ಏಳನ್ನೂ ಖರ್ಚು ಮಾಡುತ್ತ ಹೋದರೆ ಕಾಗದದ ಮೇಲೆ ಅಸಲು ಹಾಗೇ ಇರುತ್ತದೆ, ಆದರೆ ಸುಮಾರು ಹದಿನಾಲ್ಕು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ‘ಶಾಶ್ವತ ಪೀಠ’ ಎಂದು ಬರೆದ ಎಷ್ಟೋ ನಿಧಿಗಳು ಇವತ್ತು ವರ್ಷಕ್ಕೊಂದು ಉಪನ್ಯಾಸ ಏರ್ಪಡಿಸುವಷ್ಟಕ್ಕೆ ಬಂದು ನಿಂತಿರುವುದು ಹೀಗೆಯೇ. ನಿಮ್ಮಲ್ಲಿರುವ ಮೊತ್ತವನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಪ್ರಾಧ್ಯಾಪಕರ ಸಂಬಳ, ಒಬ್ಬ ಸಹಾಯಕರು, ಸಾಮಗ್ರಿ ಇವಿಷ್ಟಕ್ಕೆ ಸಾಲದು ಎಂದು ಕಂಡರೆ ಪೀಠದ ಹೆಸರಿಗೆ ಆಸೆಪಡಬೇಡಿ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಹಣ ಸಾಕಷ್ಟಿದೆ ಎಂದಾದರೆ ಕರಡನ್ನು ಮತ್ತೆ ಬರೆಸಿ. ಮೊದಲನೆಯದಾಗಿ, ವಿಶ್ವವಿದ್ಯಾಲಯ ಈಗ ವಸಡು ವಿಭಾಗಕ್ಕೆ ಕೊಡುತ್ತಿರುವ ಹುದ್ದೆ, ಹಣ ಯಾವುದನ್ನೂ ನಿಮ್ಮ ದತ್ತಿಯ ಕಾರಣಕ್ಕೆ ಕಡಿಮೆ ಮಾಡುವಂತಿಲ್ಲ ಎಂಬ ಸಾಲು ಬೇಕು. ಪೀಠದಲ್ಲಿ ಕೂರುವವರ ಕೆಲಸದ ಸಮಯದಲ್ಲಿ ಅರ್ಧವಾದರೂ ಸಂಶೋಧನೆಗೇ ಮೀಸಲು ಎಂಬುದು ಅಂಕಿಯಲ್ಲಿ ಇರಬೇಕು, ‘ಉತ್ತೇಜನ’, ‘ಆದ್ಯತೆ’ ಮುಂತಾದ ಪದಗಳಲ್ಲಿ ಅಲ್ಲ. ಸಂಬಳವನ್ನು ವಿಶ್ವವಿದ್ಯಾಲಯವೇ ಭರಿಸಿ, ನಿಮ್ಮ ನಿಧಿಯಿಂದ ಸಹಾಯಕರು, ಫ್ರೀಜರು, ರೋಗಿಗಳ ಮರುಭೇಟಿ ಇವನ್ನು ನೋಡಿಕೊಳ್ಳುವ ಹಾಗಾದರೆ ಇನ್ನೂ ಒಳ್ಳೆಯದು. ನನ್ನ ಮಟ್ಟಿಗೆ ಒಬ್ಬ ಪ್ರಾಧ್ಯಾಪಕರಿಗಿಂತ ಹತ್ತು ವರ್ಷ ಬಿಟ್ಟುಹೋಗದ ಒಬ್ಬ ಸಹಾಯಕಿ ಹೆಚ್ಚು ಬೆಲೆಬಾಳುತ್ತಾಳೆ. ಸೋಮವಾರದ ಆ ಬೆಳಿಗ್ಗೆ ನನಗಿದು ಮನವರಿಕೆಯಾಯಿತು.

ಪೀಠ ಖಾಲಿ ಬಿದ್ದರೆ ಏನು ಎಂಬುದನ್ನು ಯಾರೂ ಬರೆಯುವುದಿಲ್ಲ, ಆದರೆ ಪೀಠಗಳು ವರ್ಷಗಟ್ಟಲೆ ಖಾಲಿ ಬೀಳುತ್ತವೆ. ಅಷ್ಟು ಕಾಲದ ಗಳಿಕೆ ಸಾಮಾನ್ಯ ಖಾತೆಗೆ ಹರಿಯದೆ, ಅಸಲಿಗೋ ಕಿರಿಯ ಸಂಶೋಧಕರ ವೇತನಕ್ಕೋ ಹೋಗಬೇಕೆಂದು ಬರೆಸಿ. ಆಡಳಿತ ವೆಚ್ಚವೆಂದು ವಿಶ್ವವಿದ್ಯಾಲಯ ಎಷ್ಟು ಮುರಿದುಕೊಳ್ಳುತ್ತದೆ ಎಂಬುದನ್ನು ಕೇಳಲು ಸಂಕೋಚ ಬೇಡ. ವರ್ಷಕ್ಕೊಮ್ಮೆ ಲೆಕ್ಕಪತ್ರ, ಐದು ವರ್ಷಕ್ಕೊಮ್ಮೆ ಹೊರಗಿನ ತಜ್ಞರಿಂದ ಪರಾಮರ್ಶೆ ಇರಲಿ. ‘ದಂತವೈದ್ಯಕೀಯ ಸಂಶೋಧನೆ’ ಎಂದು ಸಡಿಲವಾಗಿ ಬರೆದರೆ ಹತ್ತು ವರ್ಷದಲ್ಲಿ ನಿಮ್ಮಮ್ಮನ ಪೀಠ ಹಲ್ಲು ಬೆಳ್ಳಗೆ ಮಾಡುವ ಸಂಶೋಧನೆಯಲ್ಲಿ ತೊಡಗಿರಬಹುದು, ಹಾಗಾಗಿ ವಸಡು ರೋಗ ಎಂದೇ ಬರೆಸಿ. ಹಾಗೆಂದು ‘ಸಕ್ಕರೆ ಕಾಯಿಲೆ ಇರುವ ಮಹಿಳೆಯರ ವಸಡು ರೋಗಕ್ಕೆ ಹತ್ತು ವರ್ಷದಲ್ಲಿ ಲಸಿಕೆ’ ಎಂದೂ ಕಟ್ಟಿಹಾಕಬೇಡಿ.

ದಾನಿಯ ಷರತ್ತು ಎಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ನನಗಿಷ್ಟವಾದ ಪ್ರಸಂಗ ಭೌತಶಾಸ್ತ್ರದ್ದು. ವಕೀಲರಾಗಿದ್ದ ತಾರಕನಾಥ ಪಾಲಿತ್ ಅವರ ದತ್ತಿಯಿಂದ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಪೀಠ ಹುಟ್ಟಿತು. ಅದಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತಿತ್ತು. ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಸಿ.ವಿ. ರಾಮನ್ ಅವರನ್ನು ಕರೆದಾಗ, ಕಲಿಯಲಿಕ್ಕೆಂದು ವಿದೇಶಕ್ಕೆ ಹೋಗಲಾರೆ ಎಂದುಬಿಟ್ಟರು. ಕುಲಪತಿ ಅಶುತೋಷ್ ಮುಖರ್ಜಿ ಷರತ್ತನ್ನು ಸಡಿಲಿಸಿದರು. 1917ರಲ್ಲಿ ರಾಮನ್ ಪೀಠಕ್ಕೆ ಬಂದರು, 1930ರಲ್ಲಿ ನೊಬೆಲ್ ಬಂತು. ಷರತ್ತು ಬರೆದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅದನ್ನು ಬದಲಿಸುವ ಬಾಗಿಲೊಂದು ತೆರೆದಿದ್ದದ್ದು ಎಲ್ಲರ ಪುಣ್ಯ. ನಿಮ್ಮ ಪತ್ರದಲ್ಲೂ ಅಂಥ ಬಾಗಿಲಿರಲಿ. ಮುಂದೊಂದು ದಿನ ಈ ವಿಷಯವೇ ಅಪ್ರಸ್ತುತವಾದರೆ ಹತ್ತಿರದ ವಿಷಯಕ್ಕೆ ನಿಧಿ ತಿರುಗಿಸುವ ಅಧಿಕಾರ ಯಾರಿಗೆ, ಯಾರ ಒಪ್ಪಿಗೆಯಿಂದ ಎಂಬುದನ್ನು ಸೇರಿಸಿ. ಆಯ್ಕೆ ಸಮಿತಿಯಲ್ಲಿ ಮಾತ್ರ ನೀವು ಕೂರಬೇಡಿ. ಯಾರು ಯೋಗ್ಯರು ಎಂಬುದನ್ನು ಆ ವಿದ್ಯೆಯವರೇ ತೀರ್ಮಾನಿಸಲಿ, ಇಲ್ಲದಿದ್ದರೆ ಬರುವವರು ನಿಮ್ಮ ಮುಖ ನೋಡಿ ಪ್ರಶ್ನೆ ಆರಿಸಿಕೊಳ್ಳುತ್ತಾರೆ.

ಮೊತ್ತ ಸಾಲದಿದ್ದರೆ ದಾರಿಗಳು ಬೇರೆ ಇವೆ. ನಾನಾದರೆ ಅವಧಿ ಪೀಠ ಆರಿಸಿಕೊಳ್ಳುತ್ತಿದ್ದೆ. ಅಸಲನ್ನೂ ಸೇರಿಸಿ ಹದಿನೈದೋ ಇಪ್ಪತ್ತೋ ವರ್ಷದಲ್ಲಿ ಪೂರ್ತಿ ಖರ್ಚು ಮಾಡಿ ಮುಗಿಸುವ ನಿಧಿ ಅದು. ಹೆಸರು ಶಾಶ್ವತವಲ್ಲ, ಆದರೆ ಅದೇ ಹಣದಲ್ಲಿ ವರ್ಷಕ್ಕೆ ಹಲವು ಪಟ್ಟು ಹೆಚ್ಚು ಕೆಲಸ ನಡೆಯುತ್ತದೆ, ನಿಮ್ಮ ಕಣ್ಣೆದುರೇ ನಡೆಯುತ್ತದೆ. ತೊಂದರೆಯೆಂದರೆ ಕೊನೆಯ ಎರಡು ವರ್ಷಗಳಲ್ಲಿ ಒಳ್ಳೆಯವರು ಬೇರೆ ಕಡೆ ಕೆಲಸ ಹುಡುಕತೊಡಗುತ್ತಾರೆ. ಇನ್ನೊಂದು, ಪಿಎಚ್‌ಡಿ ವಿದ್ಯಾರ್ಥಿಗೆ ವೇತನ. ಇದಕ್ಕೆ ಮೊತ್ತ ಕಡಿಮೆ ಸಾಕು, ಆದರೆ ವಿದ್ಯಾರ್ಥಿ ಬದಲಾದಂತೆ ಪ್ರಶ್ನೆಯೂ ಬದಲಾಗುತ್ತದೆ. ಯಂತ್ರ ಕೊಡಿಸುವುದು ಬೇಡ. ಫೋಟೋಕ್ಕೆ ಚೆನ್ನ, ರಿಪೇರಿಗೆ ಹಣ ಇರುವುದಿಲ್ಲ. ಟೂತ್‌ಪೇಸ್ಟ್ ಅಥವಾ ಇಂಪ್ಲಾಂಟ್ ಕಂಪನಿಯ ಹಣದ ಜೊತೆ ನಿಮ್ಮದನ್ನು ಸೇರಿಸಿ ದೊಡ್ಡ ಪೀಠ ಮಾಡೋಣ ಎಂಬ ಸಲಹೆ ಬಂದರೆ, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರದ್ದೇ ಎಂಬ ಸಾಲಿಲ್ಲದೆ ಸಹಿ ಹಾಕಬೇಡಿ.

ತಮ್ಮನ ಶಿಬಿರದ ಯೋಚನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನೋವಿರುವವರಿಗೆ ಅವತ್ತೇ ನೆರವಾಗುತ್ತದೆ. ಆದರೆ ವಸಡು ರೋಗಕ್ಕೆ ಒಂದು ದಿನದ ಶಿಬಿರ ಹೊಂದುವುದಿಲ್ಲ. ಪಾಕೆಟ್ ಶುಚಿ ಮಾಡಿದ ಮೇಲೆ ಬ್ಯಾಕ್ಟೀರಿಯಾಗಳು ಕೆಲವೇ ತಿಂಗಳಲ್ಲಿ ಮತ್ತೆ ಮನೆ ಕಟ್ಟುತ್ತವೆ. ಅದಕ್ಕೇ ತೀವ್ರ ರೋಗದವರನ್ನು ಮೂರು ತಿಂಗಳಿಗೊಮ್ಮೆ ಬನ್ನಿ ಎನ್ನುವುದು. ಅಮೆರಿಕದ ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ತಮ್ಮ ಚಿಕಿತ್ಸಾಲಯದ 600 ರೋಗಿಗಳನ್ನು ಸರಾಸರಿ 22 ವರ್ಷ ನೋಡಿಕೊಂಡು 1978ರಲ್ಲಿ ಲೆಕ್ಕ ಕೊಟ್ಟರು. ಅರ್ಧದಷ್ಟು ಜನ ಅಷ್ಟೂ ವರ್ಷದಲ್ಲಿ ವಸಡು ರೋಗಕ್ಕೆ ಒಂದು ಹಲ್ಲನ್ನೂ ಕಳೆದುಕೊಂಡಿರಲಿಲ್ಲ. ಇದು ಮತ್ತೆ ಮತ್ತೆ ಬಂದದ್ದರ ಫಲ. ತಮ್ಮನಿಗೆ ಹೇಳಿ, ಶಿಬಿರದ ಬದಲು ಬಡ ರೋಗಿಗಳ ಹತ್ತು ವರ್ಷದ ಮರುಭೇಟಿಗೆ ಹಣ ಮೀಸಲಿಟ್ಟು, ಆ ರೋಗಿಗಳ ಒಪ್ಪಿಗೆ ಪಡೆದು ಅವರ ಅಳತೆಗಳನ್ನೇ ಸಂಶೋಧನೆಗೆ ಬಳಸಬಹುದು. ಅಕ್ಕ ತಮ್ಮ ಇಬ್ಬರ ಆಸೆಯೂ ಒಂದೇ ಕಡೆ ಈಡೇರುತ್ತದೆ.

ಆ ಪರಿಚಯ ಪತ್ರದ ಭರವಸೆಗಳ ಬಗ್ಗೆ ಚುಟುಕಾಗಿ. ವಸಡು ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣುವುದು ನಿಜ, ಆದರೆ ವಸಡು ಸರಿಪಡಿಸಿದರೆ ಹೃದಯಾಘಾತ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ. ಅಮೆರಿಕದ ಹೃದಯ ಸಂಘ 2012ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರ ವಸಡಿಗೆ ಚಿಕಿತ್ಸೆ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗುತ್ತದೆಯೇ ಎಂದು 823 ಮಹಿಳೆಯರಲ್ಲಿ ನೋಡಿದ 2006ರ ಪ್ರಯೋಗದಲ್ಲಿ ಕಡಿಮೆಯಾಗಲಿಲ್ಲ. ಚಿಕಿತ್ಸೆಯಿಂದ ಕೆಡುಕೂ ಆಗಲಿಲ್ಲ. ವಸಡಿನ ಬ್ಯಾಕ್ಟೀರಿಯಾದ ಕಿಣ್ವ ತಡೆದು ಅಲ್ಜೈಮರ್ಸ್ ನಿಧಾನಿಸುವ ಔಷಧದ ದೊಡ್ಡ ಪ್ರಯೋಗ 2021ರಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಗಟ್ಟಿಯಾಗಿ ನಿಂತಿರುವ ನಂಟು ಸಕ್ಕರೆ ಕಾಯಿಲೆಯದು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಹಾಳಾಗುತ್ತದೆ, ವಸಡಿಗೆ ಚಿಕಿತ್ಸೆ ಮಾಡಿದರೆ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಸುಮಾರು 0.4 ಅಂಶ ಇಳಿಯುತ್ತದೆ. ನೋಡಲು ಚಿಕ್ಕದು, ಆದರೆ ಸಕ್ಕರೆಯ ಲೆಕ್ಕದಲ್ಲಿ ಅಲಕ್ಷಿಸುವಂಥದ್ದಲ್ಲ. ಇಷ್ಟೆಲ್ಲ ಗೊತ್ತಿದ್ದೂ ದಾನಿಯ ಮುಂದೆ ಹೃದಯ, ಮಿದುಳು ಎಂದು ಪಟ್ಟಿ ಇಡುವವರನ್ನು ಕಂಡರೆ ನನಗೆ ಕಸಿವಿಸಿ. ಹಲ್ಲು ಉಳಿಸುವುದೇ ದೊಡ್ಡ ಕೆಲಸ.

ಇನ್ನು ನಿಮ್ಮ ರಕ್ತ. ವಂಶದ ಪಾತ್ರ ಇದೆ. 117 ಜೋಡಿ ಅವಳಿಗಳನ್ನು ನೋಡಿದ 2000ನೇ ಇಸವಿಯ ಅಧ್ಯಯನ, ವಯಸ್ಕರ ವಸಡು ರೋಗದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಅನುವಂಶಿಕ ಎಂದಿತು. ಒಂದೇ ಜೀನ್ ಕೆಟ್ಟು ಹಾಲುಹಲ್ಲುಗಳೇ ಉದುರಿಹೋಗುವ ಅಪರೂಪದ ಕಾಯಿಲೆಯೂ ಇದೆ, ಆದರೆ ಅದು ನಿಮ್ಮ ಮನೆಯದಲ್ಲ. ಅಮ್ಮನಿಂದ ನಿಮಗೆ ಬಂದಿರಬಹುದಾದದ್ದು ಒಲವು, ವಿಧಿಯಲ್ಲ. ರಕ್ತ ಬಂದ ಮಾತ್ರಕ್ಕೆ ಮೂಳೆ ಹೋಗಿದೆ ಎಂದಲ್ಲ, ಬಹಳಷ್ಟು ಸಲ ಅದು ಲೋ ಅವರ ಹನ್ನೆರಡು ಜನರಿಗೆ ಆದದ್ದೇ. ಆದರೆ ನಿಮ್ಮ ಮನೆಯ ಕಥೆ ಗೊತ್ತಿದ್ದೂ ಊಹೆಯ ಮೇಲೆ ಬಿಡಬಾರದು. ರಕ್ತ ಬರುತ್ತದೆಂದು ಉಜ್ಜುವುದನ್ನು ಕಡಿಮೆ ಮಾಡಬೇಡಿ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಮೂಳೆ ಹೋದ ಹಲ್ಲನ್ನು ಗಾರೆ ಸಿಮೆಂಟಿನಂತೆ ಹಿಡಿದಿಟ್ಟಿರುತ್ತದೆ, ತೆಗೆದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೇ.

ಈ ತಿಂಗಳೇ ಒಬ್ಬ ವಸಡು ತಜ್ಞರ ಬಳಿ ಹೋಗಿ ಪ್ರತಿ ಹಲ್ಲಿಗೂ ಆರು ಕಡೆ ಅಳೆದು ಬರೆದುಕೊಡಲು ಕೇಳಿ. ಜೊತೆಗೆ ಬಾಯಿಯ ಎಕ್ಸ್‌ರೇ, ಸಕ್ಕರೆ ಪರೀಕ್ಷೆ. ಅಳತೆಗಳೆಲ್ಲ ಮೂರು ಮಿಲಿಮೀಟರ್ ಒಳಗಿದ್ದರೆ ಒಮ್ಮೆ ಶುಚಿ ಮಾಡಿಸಿ, ಸಂದಿಯ ಬ್ರಷ್ ಬಳಸಲು ಕಲಿತು, ಆರು ತಿಂಗಳಿಗೊಮ್ಮೆ ಹೋದರೆ ಸಾಕು. ನಾಲ್ಕೈದೋ ಅದಕ್ಕಿಂತ ಹೆಚ್ಚೋ ಬಂದರೆ ವಸಡಿನೊಳಗೆ ಬೇರಿನ ತನಕ ಶುಚಿ ಮಾಡಬೇಕು. ಅದರಿಂದ ವಸಡು ತುಸು ಕೆಳಗಿಳಿದು ಹಲ್ಲು ಉದ್ದ ಕಾಣಬಹುದು, ತಣ್ಣನೆಯದು ಜುಮ್ಮೆನ್ನಬಹುದು, ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ಮೂರು ತಿಂಗಳ ಮೇಲೂ ಆರು ಏಳು ಉಳಿದಿದ್ದರೆ ಆಗ ಶಸ್ತ್ರಚಿಕಿತ್ಸೆಯ ಮಾತು.

ಆ ಲಕೋಟೆಯನ್ನು ಬಿಸಾಡದೇ ಇದ್ದದ್ದು ಒಳ್ಳೆಯದಾಯಿತು. ಎಕ್ಸ್‌ರೇಯಲ್ಲಿ ಬೇರಿನ ಉದ್ದದ ಶೇಕಡಾ ಎಷ್ಟು ಮೂಳೆ ಹೋಗಿದೆ ಎಂದು ಅಳೆದು, ಅದನ್ನು ಆಗಿನ ವಯಸ್ಸಿನಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಅದು 1ಕ್ಕಿಂತ ಹೆಚ್ಚಿದ್ದರೆ ರೋಗ ವೇಗದ್ದು ಎಂದು ಲೆಕ್ಕ. ನಲವತ್ತರಲ್ಲಿ ತೆಗೆದ ಚಿತ್ರದಲ್ಲಿ ಶೇ 60 ಹೋಗಿದ್ದರೆ 1.5. ಈಗ ರೋಗದ ದರ್ಜೆ ನಿರ್ಧರಿಸಲು ನಾವು ಬಳಸುವ ಅಳತೆಗಳಲ್ಲಿ ಇದೂ ಒಂದು, ಅಮ್ಮನ ಕಾಲದಲ್ಲಿ ಇರಲಿಲ್ಲ. ಅವರ ಅಂಕಿ ಗೊತ್ತಾದರೆ ನಿಮ್ಮದನ್ನು ಪಕ್ಕದಲ್ಲಿಟ್ಟು ನೋಡಬಹುದು, ತಮ್ಮನದನ್ನೂ. ಅವನೂ ಅಳೆಸಿಕೊಳ್ಳಬೇಕಾದವನೇ. ಹೋಗುವಾಗ ಇಬ್ಬರೂ ಹೋಗಿ, ಲಕೋಟೆ ಜೊತೆಗೆ ಒಯ್ಯಿರಿ, ಪ್ರತಿ ಚಿತ್ರದ ಹಿಂದೆ ಅಮ್ಮನಿಗೆ ಆಗ ಎಷ್ಟು ವಯಸ್ಸೆಂದು ಪೆನ್ಸಿಲಿನಲ್ಲಿ ಬರೆದುಕೊಂಡು.